ಲೆಕ್ಕಕ್ಕಿಲ್ಲದ ಮೂವತ್ತೆಂಟು ಸಾವಿರ ಸುತ್ತು

ಬೆಳಗಿನ ಐದೂಮುಕ್ಕಾಲು. ಚೆನ್ನೈಯಿಂದ ಶ್ರೀಪೆರುಂಬುದೂರಿಗೆ ಹೋಗುವ ದಾರಿಯಲ್ಲಿ, ಹೆದ್ದಾರಿಯಿಂದ ಸ್ವಲ್ಪ ಒಳಗಿರುವ ರೇಸ್ ಟ್ರ್ಯಾಕಿನ ಮೇಲೆ ಬೆಳಕು ಈಗಷ್ಟೇ ಹರಿಯುತ್ತಿದೆ. ಕಾರು ನಿಲ್ಲಿಸುವ ಷೆಡ್ಡುಗಳ ಸಾಲಿಗೆ ಇಲ್ಲಿ ಪಿಟ್ ಎನ್ನುತ್ತಾರೆ. ಆ ಸಾಲಿನಲ್ಲಿ ಒಂದೇ ಒಂದು ಬಾಗಿಲು ತೆರೆದಿದೆ. ಒಳಗೆ, ಒಬ್ಬರೇ ಕೂರುವ, ನೆಲಕ್ಕೆ ಅಂಟಿದಂತಿರುವ ಕಾರೊಂದರ ಪಕ್ಕದಲ್ಲಿ ಉಪೇಂದ್ರ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಚಕ್ರವನ್ನು ಅಂಗೈಯಿಂದ ಸವರಿ ನೋಡುತ್ತಿದ್ದಾರೆ. ವಯಸ್ಸು ನಲವತ್ತೆರಡು. ಏಳುವಾಗ ಸೊಂಟಕ್ಕೆ ಒಂದು ಕೈ ಆಸರೆ ಕೊಡಬೇಕು. ಕಾರಿನೊಳಗೆ ಇಳಿಯುವಾಗ ಮಾತ್ರ ಅದೇ ಸೊಂಟ ತಕರಾರಿಲ್ಲದೆ ಮಡಚಿಕೊಳ್ಳುತ್ತದೆ.

"ಪ್ಯಾಡ್ ಹೊಸತು, ನೆನಪುಂಟಲ್ಲ? ಮೊದಲ ಎರಡು ಸುತ್ತು ಬ್ರೇಕನ್ನು ನಂಬ್ಲಿಕ್ಕೆ ಹೋಗ್ಬೇಡ ಮಾರಾಯಾ" ಎನ್ನುತ್ತಾರೆ ಮೆಕ್ಯಾನಿಕ್ ಐತ. ಪುತ್ತೂರಿನ ಕಡೆಯವರು, ಮದರಾಸು ಸೇರಿ ಇಪ್ಪತ್ತೈದು ವರ್ಷವಾದರೂ ಮಾತಿನಿಂದ ಊರು ಹೋಗಿಲ್ಲ. "ನೆನಪಿದೆ ಐತಣ್ಣಾ" ಎಂದು ಉಪೇಂದ್ರ ಹೆಲ್ಮೆಟ್ ತೊಡುತ್ತಾರೆ. ಬೇರೆ ಡ್ರೈವರುಗಳ ಹೆಲ್ಮೆಟ್ಟಿನ ಮೇಲೆ ಹೆಸರು, ರಕ್ತದ ಗುಂಪು, ಹದ್ದು, ಹುಲಿ, ಬೆಂಕಿಯ ನಾಲಗೆ ಎಲ್ಲ ಇರುತ್ತವೆ. ಇವರದು ಬರೀ ಬಿಳಿ.

ಆರು ಸುತ್ತು ಹೊಡೆದು ವಾಪಸು ಬಂದವರು ಮೊದಲು ಎಂಜಿನ್ ಆರಿಸುತ್ತಾರೆ, ಆಮೇಲೆ ಹೆಲ್ಮೆಟ್ ತೆಗೆಯುತ್ತಾರೆ, ಆಮೇಲೆ ವರದಿ. "ಬ್ರೇಕ್ ಮೊದಲನೇ ಅರ್ಧ ಇಂಚು ಖಾಲಿ, ಅಪ್ಪುರಂ, ಆಮೇಲೆ, ಹಿಡಿಯತ್ತೆ. ಮೂರನೇ ತಿರುವಲ್ಲಿ ಮೂಗು ಒಳಗೆ ಬರಲ್ಲ ಅಂತಿದೆ. ಮುಂದುಗಡೆ ಸ್ಪ್ರಿಂಗ್ ಒಂದು ಸುತ್ತು ಸಡಿಲ ಮಾಡೋಣವಾ?" ಐತ ಆಗಲೇ ಸ್ಪ್ಯಾನರ್ ಹಿಡಿದು ಬಗ್ಗಿದ್ದಾರೆ. ಪ್ರಶ್ನೆಯ ರೂಪದಲ್ಲಿ ಹೇಳುವುದು ಉಪೇಂದ್ರರ ಮರ್ಯಾದೆ, ಅಷ್ಟೇ.

ಉಪೇಂದ್ರ ವೃತ್ತಿಯಿಂದ ರೇಸ್ ಡ್ರೈವರ್. ಹಾಗೆಂದ ಕೂಡಲೇ ಟ್ರೋಫಿ, ಹಾರ, ಷಾಂಪೇನು ಎಂದೆಲ್ಲ ಕಣ್ಣಿಗೆ ಬಂದರೆ ಅದನ್ನು ಒರೆಸಿಕೊಳ್ಳಬೇಕು. ರೇಸು ಓಡಿಸುವವರು ಹೋಟೆಲಿನಲ್ಲಿ ಇನ್ನೂ ಮಲಗಿದ್ದಾರೆ. ಅವರು ಒಂಬತ್ತು ಗಂಟೆಗೆ ಬಂದು ಕೂರುವ ಹೊತ್ತಿಗೆ ಕಾರು ಹದವಾಗಿರಬೇಕು. ಹೊಸ ಟೈರಿನ ಮೇಲಿನ ಹೊಳಪು ಹೋಗಿರಬೇಕು, ಬ್ರೇಕು ಪಳಗಿರಬೇಕು, ಎಂಜಿನ್ ಗಂಟಲು ಸರಿಪಡಿಸಿಕೊಂಡಿರಬೇಕು. ಹದಿನಾಲ್ಕು ವರ್ಷದಿಂದ ಬೇರೆಯವರ ಕಾರುಗಳನ್ನು ಹೀಗೆ ಹದ ಮಾಡಿ ಕೊಡುವುದು ಇವರ ಕೆಲಸ. "ರೊಂಬ ಸಿಂಪಲ್ ಸಾರ್. ಕಾರು ಏನು ಹೇಳತ್ತೋ ಕೇಳ್ಕೊಂಡು ಬಂದು ಐತಣ್ಣನ ಹತ್ರ ಹೇಳ್ಬೇಕು. ಸ್ವಂತದ್ದು ಏನೂ ಸೇರಿಸಬಾರದು. ಮುರಿದು ತರಬಾರದು. ಅವ್ಳೋದಾನ್, ಅಷ್ಟೇ" ಎಂದು ಪತ್ರಿಕೆಯಿಂದ ಬಂದವರಿಗೆ ಹೇಳುತ್ತಾರೆ. ೨೦೦೯ರ ಈ ಅಕ್ಟೋಬರ್ ಮುಗಿದು ನವೆಂಬರಿನ ಕೊನೆಯ ರೇಸೂ ಮುಗಿದರೆ ಆ ಕೆಲಸ ಇರುವುದಿಲ್ಲ. ಇನ್ನು ಉಳಿದಿರುವುದು ಹತ್ತೊಂಬತ್ತು ಬೆಳಗು.

ಇಲ್ಲಿ ಒಂದು ರಿವಾಜಿದೆ, ಹೊರಗಿನವರಿಗೆ ಗೊತ್ತಿಲ್ಲದ್ದು. ಬೆಳಗಿನ ಸುತ್ತುಗಳಿಗೆ ಯಾರೂ ಗಡಿಯಾರ ಹಿಡಿಯುವುದಿಲ್ಲ. ೧೯೯೬ರಲ್ಲಿ ಯಾರೋ ಸುಮ್ಮನಿರಲಾರದೆ ಸ್ಟಾಪ್‌ವಾಚ್ ಒತ್ತಿದ್ದರು. ಕಾರಿನ ಯಜಮಾನನಿಗಿಂತ ಅವನ ಕಾರನ್ನು ಹದ ಮಾಡುವವನು ಒಂದೂವರೆ ಸೆಕೆಂಡು ಬೇಗ ಸುತ್ತಿ ಬಂದಿದ್ದ. ರೇಸಿನಲ್ಲಿ ಒಂದೂವರೆ ಸೆಕೆಂಡು ಎಂದರೆ ಬೇಕಾದಷ್ಟಾಯಿತು. ದುಡ್ಡು ಸುರಿಯುತ್ತಿದ್ದ ಆ ತರುಣ ಮುಖ ಕಿವುಚಿಕೊಂಡು ಇನ್ನೊಂದು ತಂಡಕ್ಕೆ ಹೋದ. ಅಂದಿನಿಂದ ಉಪೇಂದ್ರ ಕಾರಿಗೆ ಇಳಿದರೆ ಐತ ಸ್ಟಾಪ್‌ವಾಚನ್ನು ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿಕೊಳ್ಳುತ್ತಾರೆ. ಎಷ್ಟು ವೇಗ ಎಂದು ಉಪೇಂದ್ರ ಕೇಳುವುದಿಲ್ಲ, ಐತ ಹೇಳುವುದಿಲ್ಲ.

ಹಾಗಾದರೆ ಅಂಕಿಅಂಶ? ಇದೆ, ಆದರೆ ಎಲ್ಲ ಬೇಡದ ಕಡೆಯಲ್ಲಿದೆ. ಟೈರು ಎಷ್ಟು ಸವೆಯಿತು ಎಂದು ತಿಳಿಯಲು ದಿನಕ್ಕೆಷ್ಟು ಸುತ್ತಾಯಿತು ಎಂದು ಒಂದು ಹಾಳೆಯಲ್ಲಿ ಬರೆದಿಡುತ್ತಾರೆ. ಹಾಳೆಯ ನೆತ್ತಿಯ ಮೇಲೆ ಟೈರಿನ ನಂಬರಿದೆ, ಓಡಿಸಿದವರ ಹೆಸರಿಗೆ ಜಾಗವಿಲ್ಲ. ಆ ಹಾಳೆಗಳ ಪ್ರಕಾರ ದಿನಕ್ಕೆ ಸುಮಾರು ಮೂವತ್ತು ಸುತ್ತು, ವರ್ಷಕ್ಕೆ ತೊಂಬತ್ತು ದಿನ, ಹದಿನಾಲ್ಕು ವರ್ಷ. ಒಟ್ಟು ಹತ್ತಿರ ಹತ್ತಿರ ಮೂವತ್ತೆಂಟು ಸಾವಿರ ಸುತ್ತು, ಒಂದು ಲಕ್ಷ ನಲವತ್ತು ಸಾವಿರ ಕಿಲೋಮೀಟರು. ಭೂಮಿಯನ್ನು ಮೂರೂವರೆ ಸಲ ಸುತ್ತಿ ಅದೇ ಷೆಡ್ಡಿಗೆ ಬಂದಂತಾಯಿತು. ಇದರಲ್ಲಿ ಒಂದು ಸುತ್ತೂ ಯಾವ ಪುಸ್ತಕದಲ್ಲೂ ಇಲ್ಲ.

ಪುಸ್ತಕದಲ್ಲಿರುವುದು ಬೇರೆ. ೧೯೯೧ರಿಂದ ೧೯೯೯ರವರೆಗೆ ಉಪೇಂದ್ರ ಮೂವತ್ತೊಂದು ರೇಸು ಓಡಿಸಿದ್ದಾರೆ. ಮುಗಿಸಿದ್ದು ಒಂಬತ್ತು. ಒಮ್ಮೆ ಎರಡನೇ ಸ್ಥಾನ. ಗೆಲುವು ಸೊನ್ನೆ. ಉಳಿದ ಇಪ್ಪತ್ತೆರಡು ಸಲ ಕಾರು ನಡುದಾರಿಯಲ್ಲಿ ಕೈಕೊಟ್ಟಿದೆ, ಅದರಲ್ಲಿ ಆಶ್ಚರ್ಯವೇನೂ ಇಲ್ಲ. ತಂಡದ ಮೊದಲ ಕಾರಿಗೆ ಹೊಸ ಸಾಮಾನು, ಅದರಿಂದ ಬಿಚ್ಚಿದ್ದು ಇವರ ಕಾರಿಗೆ. ಅಣ್ಣನ ಅಂಗಿ ತಮ್ಮನಿಗೆ ಬಂದ ಹಾಗೆ ಗೇರ್‌ಬಾಕ್ಸ್ ಬರುತ್ತಿತ್ತು. ೯೭ರ ಆ ಎರಡನೇ ಸ್ಥಾನದ ಬಗ್ಗೆ ಕೇಳಿದರೆ, "ಅವತ್ತು ಯಾವುದೂ ಮುರೀಲಿಲ್ಲ ಸಾರ್. ಅದೇ ವಿಶೇಷ" ಎನ್ನುತ್ತಾರೆ.

ಉಪೇಂದ್ರ ಹುಟ್ಟಿ ಬೆಳೆದದ್ದು ಪೆರಂಬೂರಿನಲ್ಲಿ. ಮೂರು ತಲೆಮಾರಿನಿಂದ ಮದರಾಸಿನಲ್ಲೇ ಇರುವ ಮಾಧ್ವರ ಮನೆ. ತಂದೆ ರೈಲು ಬೋಗಿ ಕಾರ್ಖಾನೆಯಲ್ಲಿ ನಕ್ಷೆಗಳನ್ನು ಜೋಡಿಸಿಡುವ ಗುಮಾಸ್ತರು. ಮಗನೂ ರೈಲ್ವೆ ಸೇರಿ, ಸಂಜೆ ಹೊತ್ತಿಗೆ ಮನೆಗೆ ಬಂದು, ಸಂಧ್ಯಾವಂದನೆ ಮಾಡಿಕೊಂಡು ಸುಖವಾಗಿರಲಿ ಎಂಬುದು ಅವರ ಆಸೆ. ಮಗ ಡಿಪ್ಲೊಮಾ ಮುಗಿಸಿ ಪ್ಯಾರೀಸ್ ಕಾರ್ನರ್ ಹತ್ತಿರದ ಗಲ್ಲಿಯಲ್ಲಿ ಕಾರ್ಬುರೇಟರ್ ರಿಪೇರಿ ಅಂಗಡಿ ಸೇರಿದ. ಅಂಗಡಿಯ ಸಾಹುಕಾರರು ರೇಸಿನ ದಿನಗಳಲ್ಲಿ ಟ್ರ್ಯಾಕಿಗೆ ಕರೆದುಕೊಂಡು ಹೋಗುತ್ತಿದ್ದರು. ಒಂದು ಬೆಳಿಗ್ಗೆ ಕಾರ್ಬುರೇಟರ್ ಸರಿಯಾಯಿತೇ ನೋಡಲು ಡ್ರೈವರ್ ಇರಲಿಲ್ಲ. "ನೀನೇ ಒಂದು ಸುತ್ತು ಹೋಗಿ ಬಾ" ಎಂದರಂತೆ. ಹೋದವರು ಇನ್ನೂ ಸುತ್ತುತ್ತಿದ್ದಾರೆ.

ಹೆಂಡತಿ ಬೃಂದಾ ಮಂಡ್ಯದವರು. ಅಣ್ಣಾ ನಗರದ ಶಾಲೆಯೊಂದರಲ್ಲಿ ಟೀಚರು. ಮದುವೆಯಾದ ಹೊಸತರಲ್ಲಿ ಗಂಡನ ಮನೆಯ ಕನ್ನಡದಲ್ಲಿ ಅರ್ಧ ತಮಿಳು ಕೇಳಿ ಕಣ್ಣು ಕಣ್ಣು ಬಿಡುತ್ತಿದ್ದರಂತೆ. ಈಗ ಮಗಳು ಅಕ್ಷಯಾಳ ಜೊತೆ ಅವರೇ ತಮಿಳಿನಲ್ಲಿ ಜಗಳ ಆಡುತ್ತಾರೆ. "ಮನೇಲಿ ಫ್ಯಾನು ಕಿರ್ರ್ ಅಂದ್ರೂ ಎದ್ದೋಗಿ ಯಾವ ಸ್ಕ್ರೂ ಸಡ್ಲ ಅಂತ ನೋಡ್ತಾರೆ ಸಾರ್. ನನ್ ಮುಖ ಸಪ್ಪಗಿದ್ರೆ ಮಾತ್ರ ಒಂದ್ ವಾರ ಆದ್ರೂ ಗೊತ್ತಾಗಲ್ಲ" ಎಂದು ನಗುತ್ತಾರೆ. ನಗು ಮುಗಿದ ಮೇಲೆ ಗಂಡನ ಮೈಯ ಲೆಕ್ಕ ಕೊಡುತ್ತಾರೆ. ಬಲಗಿವಿ ಮುಕ್ಕಾಲು ಪಾಲು ಕೇಳುವುದಿಲ್ಲ. ಕತ್ತು ಎಡಕ್ಕೆ ಪೂರ್ತಿ ತಿರುಗುವುದಿಲ್ಲ. ಎಂಜಿನ್ನಿನ ಬಿಸಿಗೆ ಬೆನ್ನಿನ ಕೆಳಗೆ ಅಂಗೈಯಗಲ ಸುಟ್ಟ ಕಲೆ ಇದೆ. ಇಷ್ಟಾದರೂ ಬೆಳಗಿನ ನಾಲ್ಕಕ್ಕೆ ಸ್ಕೂಟರ್ ಹತ್ತುವಾಗ ಅವರನ್ನು ಯಾರೂ ತಡೆಯುವಂತಿಲ್ಲ. ಆ ಸ್ಕೂಟರ್ ನಲವತ್ತರ ಮೇಲೆ ಹೋಗಿದ್ದನ್ನು ಪೆರಂಬೂರಿನಲ್ಲಿ ಯಾರೂ ನೋಡಿಲ್ಲ.

ಎಡವಟ್ಟಾದದ್ದು ಈ ವರ್ಷ. ತಂಡದ ಯಜಮಾನ ರವಿಕಿರಣ್ ಮೈಸೂರಿನವರು, ಚೆನ್ನೈಯಲ್ಲಿ ಉದ್ಯಮ ಮಾಡಿಕೊಂಡಿರುವವರು. ಉಪೇಂದ್ರರನ್ನು ಕೂರಿಸಿಕೊಂಡು, ಮುಂದಿನ ಸೀಸನ್ನಿಗೆ ಕಾರಿನ ನಾಡಿ ನೋಡುವ ಪೆಟ್ಟಿಗೆಯೊಂದು ಬರುತ್ತದೆ ಎಂದು ಹೇಳಿದರು. ಒಂದೊಂದು ಚಕ್ರ, ಒಂದೊಂದು ಸ್ಪ್ರಿಂಗು ಏನು ಮಾಡಿತು ಎಂದು ಕಂಪ್ಯೂಟರಿನಲ್ಲಿ ಗೆರೆ ಎಳೆದು ತೋರಿಸುತ್ತದಂತೆ. ಮನುಷ್ಯ ಕೂತು ಕೇಳಿಕೊಂಡು ಬರುವುದು ಬೇಕಿಲ್ಲ. ಉಳಿದ ತಂಡಗಳೂ ಅದನ್ನೇ ತರಿಸುತ್ತಿವೆ. ಹೇಳುವಾಗ ರವಿಕಿರಣ್ ಎರಡು ಸಲ ನೀರು ಕುಡಿದರು. ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಉಪೇಂದ್ರರಿಗೆ ಬೈಯಲು ಒಬ್ಬರಾದರೂ ಸಿಗುತ್ತಿದ್ದರು.

ಟ್ರ್ಯಾಕಿನಲ್ಲಿ ಉಳಿಯಲು ಒಂದೇ ಬಾಗಿಲು ಇತ್ತು. ಜನವರಿಯಿಂದ ಇಲ್ಲೇ ಹೊಸಬರಿಗೆ ರೇಸು ಕಲಿಸುವ ತರಗತಿಗಳು ಶುರುವಾಗುತ್ತವೆ. ಕಲಿಸುವವರು ಬೇಕು. ಉಪೇಂದ್ರರಿಗಿಂತ ಈ ಟ್ರ್ಯಾಕಿನ ಉಬ್ಬುತಗ್ಗು ಬಲ್ಲವರು ಯಾರಿದ್ದಾರೆ? ಆದರೆ ಕಲಿಸುವ ಲೈಸೆನ್ಸಿಗೆ ಒಂದು ನಿಯಮವಿದೆ, ದಾಖಲೆಯಲ್ಲಿ ಹತ್ತು ರೇಸು ಮುಗಿಸಿರಬೇಕು. ಮೂವತ್ತೆಂಟು ಸಾವಿರ ಸುತ್ತು ಹಾಕಿದವರಿಗೆ ಒಂದು ರೇಸು ಕಡಿಮೆ. ಕೇಳಿದವರೆಲ್ಲ ಅಯ್ಯೋ ಎಂದರು. ಅಯ್ಯೋ ಎಂದವರು ನಿಯಮ ಬದಲಿಸುವ ಜಾಗದಲ್ಲಿರಲಿಲ್ಲ.

ಆಗಸ್ಟಿನಲ್ಲಿ ದೇವರು ಕಣ್ಣುಬಿಟ್ಟ ಹಾಗಾಯಿತು. ತಂಡದ ಡ್ರೈವರ್ ಪ್ರತಾಪ್, ರವಿಕಿರಣ್ ಅವರ ಅಕ್ಕನ ಮಗ, ಬೈಕಿನಿಂದ ಬಿದ್ದು ಕತ್ತಿನ ಕೆಳಗಿನ ಮೂಳೆ ಮುರಿದುಕೊಂಡ. ಭಾನುವಾರದ ರೇಸಿಗೆ ಕಾರು ಖಾಲಿ. ರವಿಕಿರಣ್ ಶುಕ್ರವಾರ ಫೋನು ಮಾಡಿದರು. "ನೋಡಿ ಉಪೇಂದ್ರ, ನನ್ ಕೈಲಾಗೋದು ಇಷ್ಟು. ಕಾರ್ ತಗೊಳ್ಳಿ, ಕೊನೇತನಕ ಓಡ್ಸಿ, ಬಾವುಟ ನೋಡಿ, ಹತ್ತು ಮಾಡ್ಕೊಳ್ಳಿ. ಗೆಲ್ಲೋದೇನೂ ಬೇಡ." ಶನಿವಾರ ಬೃಂದಾ ಶಾಲೆಗೆ ರಜೆ ಹಾಕಿ ಮನೆಯಲ್ಲಿ ಹೋಳಿಗೆ ಮಾಡಿದರು. ಮುಗಿದ ಮೇಲೆ ಮಾಡಬೇಕಾದ ಅಡಿಗೆಯನ್ನು ಮೊದಲೇ ಮಾಡಿದೆನಲ್ಲ ಎಂದು ಈಗ ಅವರು ಹಲುಬುತ್ತಾರೆ.

ಭಾನುವಾರ ಹದಿನೈದು ಸುತ್ತಿನ ರೇಸು. ತಾಯಿ, ಮಗಳು ಮೊದಲ ಸಲ ಟ್ರ್ಯಾಕಿಗೆ ಬಂದು ಮೆಟ್ಟಿಲ ಮೇಲೆ ಕೊಡೆ ಹಿಡಿದು ಕೂತಿದ್ದರು. ಉಪೇಂದ್ರ ಹನ್ನೊಂದನೆಯವರಾಗಿ ಹೊರಟರು. ಐದನೇ ಸುತ್ತಿಗೆ ಒಂಬತ್ತು, ಹತ್ತನೇ ಸುತ್ತಿಗೆ ಏಳು, ಹದಿಮೂರಕ್ಕೆ ಆರನೇ ಸ್ಥಾನ. ಯಾರನ್ನೂ ನುಗ್ಗಿ ದಾಟಲಿಲ್ಲ. ಮುಂದಿನವರು ತಪ್ಪು ಮಾಡಿದ ಕಡೆ ಸಂದಿಯಲ್ಲಿ ಜಾಗ ಮಾಡಿಕೊಂಡು ಹೋದರು. ಐತ ಪಿಟ್ಟಿನ ಗೋಡೆಯ ಹತ್ತಿರ ನಿಂತು ಸುತ್ತು ಎಣಿಸುತ್ತಿದ್ದರು. "ನಾನು ದೇವರಿಗೆ ಎಂಥದೂ ಹೇಳ್ಕೊಳ್ಳಿಲ್ಲ. ಇಷ್ಟು ಚಂದ ಹೋಗುವಾಗ ಮಧ್ಯೆ ಬಾಯಿ ಹಾಕುದು ಬೇಡ ಅಂತ" ಎನ್ನುತ್ತಾರೆ.

ಹದಿನಾಲ್ಕನೇ ಸುತ್ತಿನ ಕೊನೆಯ ತಿರುವಿನಲ್ಲಿ ಉಪೇಂದ್ರರಿಗೆ ಹಿಂದಿನ ಎಡ ಚಕ್ರದಿಂದ ಒಂದು ನಡುಕ ಸೀಟಿಗೆ ಬಂತು. ಸಣ್ಣ ನಡುಕ. ಬೇರೆ ಯಾರಿಗಾದರೂ ಗೊತ್ತೂ ಆಗುತ್ತಿರಲಿಲ್ಲ, ಗೊತ್ತಾದರೂ ಹಲ್ಲು ಕಚ್ಚಿಕೊಂಡು ಹೋಗುತ್ತಿದ್ದರು, ಇನ್ನೊಂದೇ ಸುತ್ತು. ರೇಸಿನಲ್ಲಿ ಚಕ್ರ ಕಳಚಿ ಬೀಳುವವರೆಗೆ ಓಡಿಸುತ್ತಾರೆ, ಕೆಲವರು ಬಿದ್ದ ಮೇಲೂ ಓಡಿಸುತ್ತಾರೆ. ಆದರೆ ಹದಿನಾಲ್ಕು ವರ್ಷ ಬೆಳಿಗ್ಗೆ ಬೆಳಿಗ್ಗೆ ಬೇರೆಯವರ ಕಾರಿನಲ್ಲಿ ಕೂತ ಮೈ ಅದು. ನಡುಗಿತೆಂದರೆ ಒಳಗೆ ಬರಬೇಕು, ಹೇಳಬೇಕು, ಮುರಿದು ತರಬಾರದು. ಉಪೇಂದ್ರರ ಎಡಗೈ ತಾನಾಗಿ ಮೇಲೆದ್ದಿತು, ಒಳಗೆ ಬರುತ್ತಿದ್ದೇನೆ ಎಂಬ ಸನ್ನೆ. ಕಾರು ತಾನಾಗಿ ಪಿಟ್ಟಿನ ಕಡೆ ತಿರುಗಿತು. ಐತರ ಮುಂದೆ ಬಂದು ನಿಂತಾಗ, ಮೆಕ್ಯಾನಿಕ್ ಕೈ ಹಾಕುವ ಮೊದಲು ಎಂಜಿನ್ ಆರಿಸಬೇಕೆಂಬ ಕಟ್ಟಳೆಯನ್ನೂ ಪಾಲಿಸಿದರು.

"ಯಾಕಾ ಬಂದದ್ದು?" ಎಂದು ಐತ ಕೇಳಿದಾಗ ಉಪೇಂದ್ರ ಹೇಳಿದ್ದು ಇಷ್ಟು: "ಹಿಂದುಗಡೆ ಎಡಗಡೇದು ನಡುಗ್ತಿದೆ ಐತಣ್ಣಾ." ಅಷ್ಟು ಹೇಳಿದ ಮೇಲೆ ಅವರಿಗೆ ತಾನು ಎಲ್ಲಿದ್ದೇನೆ, ಇವತ್ತು ಯಾವ ದಿನ ಎನ್ನುವುದು ತಲೆಗೆ ಹೊಕ್ಕಿತು. ಹೆಲ್ಮೆಟ್ಟಿನ ಕಿಂಡಿಯಲ್ಲಿ ಆ ಕಣ್ಣು ನೋಡಿದ್ದನ್ನು ತಾನು ಸಾಯುವವರೆಗೆ ಮರೆಯುವುದಿಲ್ಲ ಎಂದು ಐತ ಹೇಳುತ್ತಾರೆ. ಅಭ್ಯಾಸಬಲದಿಂದ ಐತರೂ ಚಕ್ರದ ಹತ್ತಿರ ಕೂತು ಕೈಯಾಡಿಸಿದರು. ನಟ್ಟು ಬಿಗಿಯಾಗಿತ್ತು. ಟ್ರ್ಯಾಕಿನಲ್ಲಿ ಬಿದ್ದಿದ್ದ ಹಳೆ ರಬ್ಬರಿನ ಚೂರುಗಳು ಬಿಸಿ ಟೈರಿಗೆ ಮೆತ್ತಿಕೊಂಡಿದ್ದವು. ಬೇರೆ ಏನೂ ಇರಲಿಲ್ಲ.

ಈ ಕಾರುಗಳಿಗೆ ತಾನೇ ಸ್ಟಾರ್ಟ್ ಆಗುವ ವ್ಯವಸ್ಥೆ ಇಲ್ಲ, ಹೊರಗಿನ ಬ್ಯಾಟರಿ ಹಚ್ಚಬೇಕು. ಆ ಬ್ಯಾಟರಿ ರೇಸು ಹೊರಟ ಜಾಗದಲ್ಲೇ ಉಳಿದಿತ್ತು. ಐತ ಮತ್ತು ಇನ್ನಿಬ್ಬರು ಹಿಂದಿನಿಂದ ನೂಕಿದರು. ಕಾದ ಎಂಜಿನ್ ಮುನಿಸಿಕೊಂಡಿತ್ತು, ಹಿಡಿಯಲಿಲ್ಲ. ಅಷ್ಟರಲ್ಲಿ ಗೋಡೆಯಾಚೆ ಮೊದಲನೆಯವನಿಗೆ ಚೌಕಳಿ ಬಾವುಟ ಬೀಸಿದರು. ಮುಕ್ತಾಯದ ಗೆರೆ ಟ್ರ್ಯಾಕಿನಿಂದ ಪಿಟ್ಟಿನ ದಾರಿಗೂ ಅಡ್ಡಲಾಗಿ ಬಂದಿದೆ. ಬಾವುಟ ಬಿದ್ದ ಮೇಲೆ ಪಿಟ್ಟಿನೊಳಗೆ ಆ ಗೆರೆ ದಾಟಿದರೂ ಮುಗಿಸಿದಂತೆಯೇ ಲೆಕ್ಕ, ಆದರೆ ಕಾರು ತನ್ನ ಎಂಜಿನ್ನಿನಿಂದಲೇ ದಾಟಿರಬೇಕು. ಮೂವರೂ ಉಸಿರು ಕಟ್ಟಿ ನೂಕಿದರು. ಗೆರೆ ದಾಟಿತು. ದಾಟಿದ ಮೇಲೆ ಎಂಜಿನ್ ಗುರ್ರೆಂದಿತು. ಉಪೇಂದ್ರ ಇನ್ನೊಂದು ಸುತ್ತು ಹೋಗಿ ಬಂದರು, ಬಾವುಟ ಬಿದ್ದ ಮೇಲಿನ ಆ ಸುತ್ತು ಲೆಕ್ಕಕ್ಕಿಲ್ಲ. ಮೆಟ್ಟಿಲ ಮೇಲಿನಿಂದ ಅಕ್ಷಯಾ ಎರಡೂ ಕೈ ಎತ್ತಿ ಬೀಸುತ್ತಿದ್ದಳು, ಅಪ್ಪ ಮುಗಿಸಿದರೆಂದು.

ನಿಜ ಹೇಳಬೇಕೆಂದರೆ, ಎಂಜಿನ್ ಆರಿದ ಕಾರು ಗೆರೆ ದಾಟಿದ್ದನ್ನು ಯಾರೂ ನೋಡಿರಲಿಲ್ಲ. ಪಿಟ್ಟಿನಲ್ಲಿ ಕಾವಲಿದ್ದವರೆಲ್ಲ ಗೋಡೆಗೆ ಒರಗಿ ಗೆದ್ದವನನ್ನು ನೋಡುತ್ತಿದ್ದರು. ಸುತ್ತುಗಳ ಲೆಕ್ಕ ಬರೆಯುವ ವಿಷ್ಣುಮೂರ್ತಿ ನಿವೃತ್ತ ಬ್ಯಾಂಕ್ ಅಧಿಕಾರಿ, ಉಪೇಂದ್ರರ ಮೂವತ್ತೊಂದು ರೇಸುಗಳನ್ನೂ ಕೈಯಾರೆ ಬರೆದವರು. ಅವರಿಗೆ ಒಂಬತ್ತರ ಕಥೆ ಗೊತ್ತಿತ್ತು. ಉಪೇಂದ್ರರನ್ನು ಕೋಣೆಗೆ ಕರೆದು, ಹಾಳೆಯ ಮೇಲೆ ಪೆನ್ನಿಟ್ಟುಕೊಂಡೇ ಕೇಳಿದರು. "ಗೆರೆ ದಾಟೋವಾಗ ಎಂಜಿನ್ ಓಡ್ತಾ ಇತ್ತು. ಅಲ್ವೇನಪ್ಪಾ?"

ತಲೆ ಅಲ್ಲಾಡಿಸಿದ್ದರೆ ಸಾಕಿತ್ತು. ಬಾಯಿ ಬಿಡುವುದೂ ಬೇಕಿರಲಿಲ್ಲ. ಆದರೆ ಕಾರಿನಿಂದ ಇಳಿದು ಕಾರಿನ ಬಗ್ಗೆ ಯಾರಾದರೂ ಕೇಳಿದರೆ ಆದದ್ದನ್ನು ಆದ ಹಾಗೆ ಹೇಳುವುದು ಬಿಟ್ಟು ಈ ಮನುಷ್ಯ ಬೇರೆ ಏನನ್ನೂ ಮಾಡಿದವರಲ್ಲ. "ಇಲ್ಲ ಸಾರ್. ದಾಟಿದ ಮೇಲೆ ಹಿಡೀತು" ಎಂದರು. ಬಾಗಿಲಲ್ಲಿ ನಿಂತಿದ್ದ ಐತ ಹಣೆ ಹಣೆ ಚಚ್ಚಿಕೊಂಡರು. ವಿಷ್ಣುಮೂರ್ತಿ ಕನ್ನಡಕ ತೆಗೆದು ಒರೆಸಿದರು. "ಅವಸರ ಇಲ್ಲ. ಇನ್ನೊಂದ್ಸಲ ಯೋಚ್ನೆ ಮಾಡಿ ಹೇಳಪ್ಪ" ಎಂದರು. ಉಪೇಂದ್ರ ನಿಜಕ್ಕೂ ಯೋಚನೆ ಮಾಡಿದರು. ಸರಿಯಾದ ಅಳತೆ ಬೇಕಾಗಿದೆ ಎಂದುಕೊಂಡರು. "ಹತ್ತಡಿ ಆದ ಮೇಲೆ ಸಾರ್. ಹನ್ನೊಂದೂ ಇರಬಹುದು."

ಪೆನ್ನು ಅವರ ಹೆಸರಿನ ಮುಂದೆ ಬರೆಯಬೇಕಾದ್ದನ್ನೇ ಬರೆಯಿತು. "ನಾನು ಕೇಳಲೇಬಾರದಿತ್ತು. ಸುಮ್ಮನೆ ಬರ್ಕೊಂಡುಬಿಡಬೇಕಿತ್ತು. ಮೂವತ್ತು ವರ್ಷ ಬ್ಯಾಂಕಲ್ಲಿ ಕೆಲಸ ಮಾಡಿದೋನು ನಾನು, ಕೇಳದೆ ಬರೆಯೋದು ಕೈಗೆ ಬರಲಿಲ್ಲ" ಎಂದು ವಿಷ್ಣುಮೂರ್ತಿ ಈಗ ಹೇಳುತ್ತಾರೆ. ಮೂವತ್ತೆರಡು ರೇಸು, ಮುಗಿಸಿದ್ದು ಒಂಬತ್ತು. ಮನೆಗೆ ಹೋಗುವ ಬಸ್ಸಿನಲ್ಲಿ ಹದಿಮೂರು ವರ್ಷದ ಅಕ್ಷಯಾ ಒಂದೇ ಪ್ರಶ್ನೆ ಕೇಳಿದಳು, ತಮಿಳಿನಲ್ಲಿ. "ಏನ್ಪ್ಪಾ ಉಳ್ಳ ಪೋನೀಂಗ?" ಯಾಕಪ್ಪಾ ಒಳಗೆ ಹೋದೆ? ಎರಡು ದಿನ ಉಪೇಂದ್ರ ಟ್ರ್ಯಾಕಿನ ಕಡೆ ಹೋಗಲಿಲ್ಲ ಎಂದು ಬೃಂದಾ ಹೇಳುತ್ತಾರೆ. ಮೂರನೇ ದಿನ ನಾಲ್ಕು ಗಂಟೆಗೆ ಎದ್ದು ಸ್ಕೂಟರ್ ಹತ್ತಿದರು.

ನವೆಂಬರಿನ ಕೊನೆಯ ರೇಸಿಗೆ ಪ್ರತಾಪನ ಮೂಳೆ ಕೂಡಿದೆ. 'ಒಂದೇ ಒಂದು ರೇಸು' ಎಂದು ಕೇಳಲು ಉಪೇಂದ್ರ ಎರಡು ಸಲ ರವಿಕಿರಣ್ ಅವರ ಕೋಣೆಯವರೆಗೆ ಹೋಗಿ ಬಂದರು. ಮೂರನೇ ಸಲ ರವಿಕಿರಣ್ ಅವರೇ ಹೊರಗೆ ಬಂದು, "ನನ್ ಹತ್ರ ಇರೋದು ಒಂದೇ ಕಾರು ಉಪೇಂದ್ರ. ಹುಡುಗ ಪಾಯಿಂಟಲ್ಲಿ ಮೂರನೇ ಜಾಗದಲ್ಲಿದ್ದಾನೆ" ಎಂದರು. ಉಪೇಂದ್ರ ಪರವಾಗಿಲ್ಲ ಸಾರ್ ಎಂದರು. ಆಮೇಲೆ ಅಣ್ಣಾ ನಗರದ ಕಾಲ್ ಟ್ಯಾಕ್ಸಿ ಕಂಪನಿಯೊಂದರಲ್ಲಿ ವಿಚಾರಿಸಿದ್ದಾರೆ. ಟ್ಯಾಕ್ಸಿಯ ಬ್ಯಾಡ್ಜು ಇದೆಯೇ, ಎಷ್ಟು ವರ್ಷ ಅನುಭವ ಎಂದು ಕೇಳಿದರು. "ಟ್ರ್ಯಾಕಲ್ಲಿ ಓಡ್ಸಿದ್ದು ಅನುಭವ ಅಲ್ಲ ಅಂದ್ರು. ಅವರು ಹೇಳೋದೂ ಸರಿ ತಾನೆ ಸಾರ್. ನಾನು ಓಡ್ಸಿದ ರೋಡಲ್ಲಿ ಎದುರುಗಡೆಯಿಂದ ಯಾರೂ ಬರಲ್ಲ." ಅರ್ಜಿಯಲ್ಲಿ ಅನುಭವ ಎಂಬಲ್ಲಿ ಅವರು ಗೀಟು ಎಳೆದು ಬಂದಿದ್ದಾರೆ.

ಈಗ ಎಂಟು ಗಂಟೆ. ಪೆಟ್ಟಿಗೆ ಬಂದಾಗಿದೆ. ಕಾರಿನ ಮಗ್ಗುಲಲ್ಲಿ ಟಿಫಿನ್ ಡಬ್ಬಿಯಷ್ಟು ದೊಡ್ಡದು, ಅದರಿಂದ ನಾಲ್ಕೂ ಚಕ್ರಗಳಿಗೆ ವೈರು. ಬೆಂಗಳೂರಿನಿಂದ ಬಂದಿರುವ ರಚನಾ ಎಂಬ ಇಂಜಿನಿಯರ್ ಕಂಪ್ಯೂಟರ್ ಮುಂದೆ ಕೂತಿದ್ದಾರೆ. ಸರಿಯಾದ ಓಟ ಹೇಗಿರುತ್ತದೆ ಎಂದು ಪೆಟ್ಟಿಗೆಗೆ ಮೊದಲು ತೋರಿಸಬೇಕಂತೆ. ಮುಂದೆ ಎಲ್ಲರ ಓಟವನ್ನೂ ಅದರ ಜೊತೆ ಹೋಲಿಸಿ ತಪ್ಪು ಹುಡುಕುತ್ತದೆ. ಹಾಗೆ ತೋರಿಸಲು ಒಂದೇ ಹದದಲ್ಲಿ, ಒಂದೇ ಗೆರೆಯ ಮೇಲೆ ಸುತ್ತು ಹಾಕಬಲ್ಲವರು ಬೇಕು. ಈ ಟ್ರ್ಯಾಕಿನಲ್ಲಿ ಅಂಥವರು ಒಬ್ಬರೇ. ತನ್ನನ್ನು ಮನೆಗೆ ಕಳಿಸುವ ಪೆಟ್ಟಿಗೆಗೆ ಉಪೇಂದ್ರ ವಾರದಿಂದ ಪಾಠ ಹೇಳಿಕೊಡುತ್ತಿದ್ದಾರೆ.

"ಸರ್, ಇನ್ನೊಂದೈದು ಸುತ್ತು ಸೇಮ್ ಹೀಗೇ ಕೊಡ್ತೀರಾ?" ಎಂದು ರಚನಾ ಕೇಳುತ್ತಾರೆ. ಉಪೇಂದ್ರ ಕೊಡುತ್ತಾರೆ. ಐದು ಸುತ್ತಿನ ಐದು ಗೆರೆಗಳು ಪರದೆಯ ಮೇಲೆ ಒಂದರ ಮೇಲೊಂದು ಬಿದ್ದು ಒಂದೇ ಗೆರೆಯಾಗುತ್ತವೆ. ಪೆಟ್ಟಿಗೆ ಕಾಲವನ್ನೂ ಬರೆಯುತ್ತದೆ, ಅದಕ್ಕೆ ರಿವಾಜು ಗೊತ್ತಿಲ್ಲ. ರಚನಾ ಪ್ರತಾಪನ ಹಳೆಯ ಕಾಲವನ್ನು ಪಕ್ಕದಲ್ಲಿಟ್ಟು ನೋಡುತ್ತಾರೆ. ಅರ್ಧ ಸೆಕೆಂಡು ಬೇಗ. ನಲವತ್ತೆರಡರ ವಯಸ್ಸಿನಲ್ಲಿ, ಒಂದು ಕಿವಿ ಕೇಳದೆ, ಕತ್ತು ತಿರುಗದೆ. ರಚನಾ ತಲೆಯೆತ್ತಿ ಐತರ ಕಡೆ ನೋಡುತ್ತಾರೆ. ಐತ ಬೇರೆಲ್ಲೋ ನೋಡುತ್ತಿದ್ದಾರೆ. ಫೈಲಿಗೆ 'ಮಾದರಿ ಸುತ್ತು, ಕಾರು ಎಂಟು' ಎಂದು ಹೆಸರು ಕೊಟ್ಟು ರಚನಾ ಕಂಪ್ಯೂಟರ್ ಮುಚ್ಚುತ್ತಾರೆ.

ಉಪೇಂದ್ರ ಬೆವರು ಒರೆಸಿಕೊಂಡು ಹಲಗೆಯ ಮೇಲೆ ಕೂರುತ್ತಾರೆ. ಪತ್ರಿಕೆಯಿಂದ ಬಂದವರು ಹೊರಡುವ ಮೊದಲು ಕೊನೆಯದಾಗಿ, ಮುಂದೇನು ಆಸೆ ಎಂದು ಕೇಳುತ್ತಾರೆ. ಉಪೇಂದ್ರ ಬೂಟಿನ ದಾರ ಬಿಚ್ಚುತ್ತಾರೆ. "ದೊಡ್ಡ ಆಸೆ ಏನಿಲ್ಲ ಸಾರ್. ಆ ಒಂದು ಇದ್ದಿದ್ದರೆ ಸಾಕಿತ್ತು. ಹತ್ತು. ಇಲ್ಲೇ ಒಂದು ಮೂಲೆಯಲ್ಲಿ ಯಾರಿಗಾದರೂ ಹೇಳಿಕೊಟ್ಟುಕೊಂಡು ಇರ್ತಿದ್ದೆ." ಹಾಗಾದರೆ ಆ ಭಾನುವಾರ ಮತ್ತೆ ಬಂದರೆ, ಅದೇ ಹದಿನಾಲ್ಕನೇ ಸುತ್ತು, ಅದೇ ನಡುಕ? ಈ ಸಲ ನೆಟ್ಟಗೆ ಹೋಗಿಬಿಡುತ್ತೀರಿ ಅಲ್ಲವೇ?

ಉಪೇಂದ್ರ ಯೋಚನೆ ಮಾಡುತ್ತಾರೆ. ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಡಬೇಕೆಂದು ಕಣ್ಣು ಮುಚ್ಚಿ ಆ ತಿರುವಿನವರೆಗೆ ಹೋಗಿ ಬರುತ್ತಾರೆ.

"ಒಳಗೆ ಬರ್ತೀನಿ ಸಾರ್" ಎನ್ನುತ್ತಾರೆ. "ಬೇರೆ ಥರ ಓಡ್ಸೋದು ನನಗೆ ಬರಲ್ಲ."